ಹಳೆಯ ಸ್ನೋ ಬೈಕ್ ಕಿಟ್: 2,600 ಡಾಲರಿನದೋ, 3,900 ಡಾಲರಿನದೋ?

ಪ್ರಶ್ನೆ: ಅಮೆರಿಕದ ಐಡಹೋ ರಾಜ್ಯದ ಬಾಯ್ಸಿಯಲ್ಲಿದ್ದೇನೆ. ನನ್ನ ಹತ್ತಿರ 2018ರ ಯಮಾಹಾ ವೈಝಡ್450ಎಫ್ ಡರ್ಟ್ ಬೈಕ್ ಇದೆ. ಈ ಚಳಿಗಾಲಕ್ಕೆ ಅದಕ್ಕೊಂದು ಸೆಕೆಂಡ್ ಹ್ಯಾಂಡ್ ಸ್ನೋ ಟ್ರ್ಯಾಕ್ ಕಿಟ್ ಹಾಕಬೇಕೆಂದಿದ್ದೇನೆ. ಎರಡು ಕಣ್ಣಿಗೆ ಬಿದ್ದಿವೆ, ಎರಡೂ ಟಿಂಬರ್‌ಸ್ಲೆಡ್ ಬ್ರ್ಯಾಂಡಿನವು. ಮೊದಲನೆಯದು 120 ಇಂಚು ಉದ್ದದ ಟ್ರ್ಯಾಕಿನದು, 2,600 ಡಾಲರ್. ಕೆಟಿಎಂ ಬೈಕಿನಿಂದ ಬಿಚ್ಚಿಟ್ಟದ್ದು. ಎರಡನೆಯದು 137 ಇಂಚಿನದು, 3 ಇಂಚಿನ ಲಗ್ (ಟ್ರ್ಯಾಕಿನ ಹೊರಮೈಯಲ್ಲಿ ಹಿಮ ಕಚ್ಚುವ ರಬ್ಬರ್ ಉಬ್ಬು), 3,900 ಡಾಲರ್. 2019ರ ವೈಝಡ್450ಎಫ್ ಮೇಲೆ ಓಡಿದ್ದು. ಫೋಟೋಗಳನ್ನು ಕಳಿಸಿದ್ದೇನೆ. ನನ್ನ ತೂಕ 84 ಕೆಜಿ. ಮೊದಲು ಐಡಹೋ ಸಿಟಿ ಕಡೆಯ ಟ್ರೇಲ್‌ಗಳಲ್ಲಿ ಕಲಿತು, ಆಮೇಲೆ ಮೆಕಾಲ್ ಕಡೆಯ ಆಳದ ಹಿಮಕ್ಕೆ ಹೋಗುವ ಆಸೆ. ಯಾವುದನ್ನು ಕೊಳ್ಳಲಿ? ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?

ಉತ್ತರ: 137 ಇಂಚಿನದನ್ನು ನೋಡಲು ಹೋಗಿ. ಮುಂದೆ ಹೇಳುವ ಮೂರು ಪರೀಕ್ಷೆಗಳಲ್ಲಿ ಪಾಸಾದರೆ ಚೌಕಾಸಿ ಮಾಡಿ ಕೊಳ್ಳಿ. ಪಾಸಾಗದಿದ್ದರೆ ಎರಡನ್ನೂ ಬಿಟ್ಟು ಏಪ್ರಿಲ್‌ವರೆಗೆ ಕಾಯಿರಿ. ಹಿಮ ಕರಗಿದ ಮೇಲೆ ಇಂಥ ಕಿಟ್‌ಗಳ ಬೆಲೆ ಇಳಿಯುತ್ತದೆ, ಅಕ್ಟೋಬರ್ ಬಂದರೆ ಮತ್ತೆ ಏರುತ್ತದೆ. 120 ಇಂಚಿನದು ಅಗ್ಗವೆಂದು ಕಾಣುವುದು ಜಾಹೀರಾತಿನಲ್ಲಿ ಮಾತ್ರ. ನಿಮ್ಮ ಬೈಕಿಗೆ ಹಾಕಿ ಓಡಿಸುವ ಹೊತ್ತಿಗೆ ಅದು ಎಷ್ಟಾಗುತ್ತದೆ ಎಂಬ ಲೆಕ್ಕ ಕೆಳಗಿದೆ.

ಈ ವಾಹನ ನೋಡಿಲ್ಲದ ಓದುಗರಿಗಾಗಿ ಎರಡು ಮಾತು. ಡರ್ಟ್ ಬೈಕಿನ ಹಿಂದಿನ ಚಕ್ರ, ಅದನ್ನು ಹಿಡಿದಿಡುವ ಸ್ವಿಂಗ್ ಆರ್ಮ್, ಶಾಕ್ ಅಬ್ಸಾರ್ಬರ್ ಮೂರನ್ನೂ ಬಿಚ್ಚಿ ಅಲ್ಲಿ ರಬ್ಬರ್ ಟ್ರ್ಯಾಕ್ ಇರುವ ಘಟಕವನ್ನು ಕೂರಿಸುತ್ತಾರೆ; ಮುಂದಿನ ಚಕ್ರದ ಜಾಗಕ್ಕೆ ಒಂದೇ ಒಂದು ಅಗಲ ಸ್ಕೀ ಬರುತ್ತದೆ. ಎಂಜಿನ್ನಿನ ಸ್ಪ್ರಾಕೆಟ್‌ನಿಂದ ಬೈಕಿನ ಚೈನು ಜಾಕ್‌ಶಾಫ್ಟ್ ಎಂಬ ಅಡ್ಡ ದಂಡವನ್ನು ತಿರುಗಿಸುತ್ತದೆ. ಅದರ ಇನ್ನೊಂದು ತುದಿಯಿಂದ ಚೈನ್‌ಕೇಸ್ ಎಂಬ ಎಣ್ಣೆ ತುಂಬಿದ ಪೆಟ್ಟಿಗೆಯೊಳಗಿನ ಎರಡನೇ ಚೈನು ಕೆಳಗಿನ ಡ್ರೈವ್ ಶಾಫ್ಟನ್ನು ತಿರುಗಿಸುತ್ತದೆ. ಆ ಶಾಫ್ಟಿನ ಮೇಲಿರುವ ಹಲ್ಲಿನ ಚಕ್ರಗಳು ಟ್ರ್ಯಾಕನ್ನು ಎಳೆಯುತ್ತವೆ. ಎರಡು ಚೈನು, ಎರಡು ಶಾಫ್ಟು, ಒಂದು ಟ್ರ್ಯಾಕು: ಹಳೆಯ ಕಿಟ್‌ನಲ್ಲಿ ದುಡ್ಡು ತಿನ್ನುವುದೆಲ್ಲ ಈ ಸಾಲಿನಲ್ಲೇ ಇರುತ್ತದೆ.

ಮೊದಲ ಪರೀಕ್ಷೆ: ಫಿಟ್ ಕಿಟ್

ಕೊಳ್ಳುವವರು ಮೊದಲು ಕೇಳುವುದು ಬ್ರ್ಯಾಂಡ್ ಮತ್ತು ವರ್ಷ. ಕೇಳಬೇಕಾದದ್ದು ಫಿಟ್ ಕಿಟ್. ಟ್ರ್ಯಾಕ್ ಘಟಕ ಎಲ್ಲ ಬೈಕುಗಳಿಗೂ ಸುಮಾರಾಗಿ ಒಂದೇ. ಅದನ್ನು ನಿರ್ದಿಷ್ಟ ಬೈಕಿಗೆ ಜೋಡಿಸುವ ಸಾಮಾನಿನ ಗಂಟು ಮಾತ್ರ ಬೇರೆ ಬೇರೆ. ಅದರಲ್ಲಿ ಸ್ವಿಂಗ್ ಆರ್ಮ್ ಬೋಲ್ಟಿಗೆ ಸರಿಹೊಂದುವ ಬುಶ್‌ಗಳು, ಎರಡು ಬದಿಯ ಸ್ಪೇಸರ್‌ಗಳು, ಶಾಕ್ ಅಬ್ಸಾರ್ಬರಿನ ಜಾಗಕ್ಕೆ ಬರುವ ಸ್ಟ್ರಟ್ ದಂಡ ಮತ್ತು ಅದರ ಮೇಲಿನ ಜೋಡಣೆ, ಬ್ರೇಕ್ ಹೋಸು, ಮುಂದಿನ ಫೋರ್ಕಿಗೆ ಸ್ಕೀ ಹಿಡಿಸುವ ಆಕ್ಸಲ್ ಬುಶ್ ಮತ್ತು ಕ್ಲ್ಯಾಂಪುಗಳು ಇರುತ್ತವೆ.

ಕೆಟಿಎಂನಿಂದ ಬಿಚ್ಚಿದ ಗಂಟು ನಿಮ್ಮ ಯಮಾಹಾಗೆ ಬರುವುದಿಲ್ಲ. ಫ್ರೇಮಿನ ಅಗಲ, ಬೋಲ್ಟಿನ ದಪ್ಪ, ಶಾಕ್ ಹಿಡಿದಿಡುವ ಜಾಗ, ಫೋರ್ಕಿನ ತುದಿ ಎಲ್ಲವೂ ಬೇರೆ. ಒಂದೇ ಕಂಪನಿಯ ಬೈಕುಗಳಲ್ಲೂ ಪೀಳಿಗೆ ಬದಲಾದಾಗ ಗಂಟು ಬದಲಾಗಬಹುದು. ವೈಝಡ್450ಎಫ್ 2014ರಲ್ಲಿ, 2018ರಲ್ಲಿ, ಮತ್ತೆ 2023ರಲ್ಲಿ ಹೊಸದಾಗಿ ಬಂತು. ನಿಮ್ಮದು 2018ರದು, ಎರಡನೇ ಕಿಟ್ ಓಡಿದ್ದು 2019ರದ್ದರ ಮೇಲೆ; ಎರಡೂ ಒಂದೇ ಪೀಳಿಗೆ. ಹಾಗಿದ್ದರೂ ಮಾರುವವರ ಬಾಯಿಮಾತು ಸಾಲದು. ಗಂಟಿನ ಪಾರ್ಟ್ ನಂಬರ್ ಕೇಳಿ ಪಡೆದು, ತಯಾರಕರ ಫಿಟ್‌ಮೆಂಟ್ ಪಟ್ಟಿಯಲ್ಲಿ 2018 ಇದೆಯೇ ಎಂದು ನೋಡಿಕೊಂಡೇ ಗಾಡಿ ಹತ್ತಿ.

ಗಂಟು ಪೂರ್ತಿ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಬೈಕು ಮಾರಿ ಕಿಟ್ ಉಳಿಸಿಕೊಂಡವರ ಹತ್ತಿರ ಸ್ಪೇಸರ್‌ಗಳು ಕಳೆದುಹೋಗಿರುವುದು ಮಾಮೂಲು, ಏಕೆಂದರೆ ಅವು ಹಳೆಯ ಬೈಕಿನ ಬೋಲ್ಟಿನ ಮೇಲೇ ಉಳಿದುಬಿಟ್ಟಿರುತ್ತವೆ. ಜೋಡಣೆಯ ಕೈಪಿಡಿಯ ಪಿಡಿಎಫ್ ಇಳಿಸಿಕೊಂಡು, ಚಿತ್ರದಲ್ಲಿರುವ ಒಂದೊಂದು ಭಾಗವನ್ನೂ ನೆಲದ ಮೇಲೆ ಹರಡಿಸಿ ಗುರುತು ಹಾಕಿಕೊಳ್ಳಿ. ಎರಡು ಬದಿಯ ಸ್ಪೇಸರ್‌ಗಳ ದಪ್ಪ ಬೇರೆ ಬೇರೆ ಇರಬಹುದು. ಅವುಗಳನ್ನು ಅದಲುಬದಲು ಮಾಡಿ ಹಾಕಿದರೆ ಟ್ರ್ಯಾಕ್ ಘಟಕ ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಎಂಜಿನ್ ಸ್ಪ್ರಾಕೆಟ್ ಮತ್ತು ಜಾಕ್‌ಶಾಫ್ಟ್ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಮೊದಮೊದಲು ಬರೀ ಸದ್ದು, ಸ್ಪ್ರಾಕೆಟ್ ಹಲ್ಲಿನ ಒಂದೇ ಬದಿಯ ಸವೆತ. ಒಂದು ದಿನ ಚೈನು ಹಾರುತ್ತದೆ. ಹಾರಿದ ಚೈನು ಸ್ಪ್ರಾಕೆಟ್ ಮತ್ತು ಎಂಜಿನ್ ಕೇಸಿನ ನಡುವೆ ಸಿಕ್ಕಿಕೊಂಡರೆ ಅಲ್ಯೂಮಿನಿಯಂ ಕೇಸು ಒಡೆಯುತ್ತದೆ. ಇಪ್ಪತ್ತು ಡಾಲರಿನ ಸ್ಪೇಸರಿನಿಂದ ಸಾವಿರಾರು ಡಾಲರಿನ ಎಂಜಿನ್ ಹಾಳಾಗುವುದು ಹೀಗೆ. ಕಿಟ್ ಜೋಡಿಸಿದ ಮೇಲೆ ಒಂದು ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ಎರಡೂ ಸ್ಪ್ರಾಕೆಟ್‌ಗಳ ಮುಖಕ್ಕೆ ಒತ್ತಿ ಹಿಡಿದು ನೋಡಿ, ಬೆಳಕು ತೂರಬಾರದು.

ಸ್ಟ್ರಟ್ ದಂಡವನ್ನು ಕೈಗೆತ್ತಿಕೊಂಡು ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ. ಓಲಾಡಿದರೆ ಬಾಗಿದೆ ಎಂದರ್ಥ, ಅಂದರೆ ಕಿಟ್ ಎಲ್ಲೋ ಎತ್ತರದಿಂದ ಹಾರಿ ಗಟ್ಟಿ ನೆಲಕ್ಕೆ ಅಪ್ಪಳಿಸಿದೆ. ಆಗ ಟ್ರ್ಯಾಕಿನ ಮೇಲಿನ ಲೋಹದ ಗೂಡಾದ ಟನಲ್ಲಿನ ಮುಂಭಾಗವನ್ನು ದುಪ್ಪಟ್ಟು ಅನುಮಾನದಿಂದ ನೋಡಬೇಕು. ದಂಡದ ಉದ್ದ ಬೈಕಿಗೊಂದು ಬಗೆ, ಕೈಪಿಡಿಯಲ್ಲಿ ಅಳತೆ ಇರುತ್ತದೆ. ಟ್ರ್ಯಾಕ್ ಯಾವ ಕೋನದಲ್ಲಿ ಕೂರಬೇಕೆಂದು ತೀರ್ಮಾನಿಸುವುದು ಅದೇ. ಅಳತೆ ತಪ್ಪಿದರೆ ಒಂದೋ ಸ್ಕೀ ಹಿಮದಲ್ಲಿ ಹೂತು ಹ್ಯಾಂಡಲ್ ಭಾರವಾಗುತ್ತದೆ, ಇಲ್ಲವೇ ಏರಿನಲ್ಲಿ ಮುಂಭಾಗ ಎದ್ದೇ ಇರುತ್ತದೆ. ಗಟ್ಟಿ ದಂಡದ ಬದಲು ಶಾಕ್ ಇರುವ ಸ್ಟ್ರಟ್ ಸಿಕ್ಕರೆ ಒಳ್ಳೆಯದು; ಟಿಂಬರ್‌ಸ್ಲೆಡ್‌ನವರು ಅದನ್ನು ಟಿಎಸ್‌ಎಸ್ ಎಂದು ಕರೆಯುತ್ತಾರೆ. ಬೆನ್ನಿಗೂ ಬೈಕಿನ ಫ್ರೇಮಿಗೂ ಅದು ಹಿತ.

ಎರಡನೇ ಪರೀಕ್ಷೆ: ಟ್ರ್ಯಾಕು

ಕಿಟ್‌ನ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೇರಿಸಿ ಟ್ರ್ಯಾಕು ಕೈಯಿಂದ ಸಲೀಸಾಗಿ ತಿರುಗುವಂತೆ ಮಾಡಿಕೊಳ್ಳಿ. ಒಂದು ಲಗ್ಗಿಗೆ ಸೀಮೆಸುಣ್ಣದ ಗುರುತು ಹಾಕಿ, ಆ ಗುರುತು ಮತ್ತೆ ಬರುವವರೆಗೆ ಒಂದೊಂದೇ ಸಾಲು ನೋಡುತ್ತಾ ತಿರುಗಿಸಿ. ಹೊರಮೈಯ ಲಗ್ಗುಗಳ ತುದಿ ಅಲ್ಲಲ್ಲಿ ಹರಿದಿದ್ದರೆ ಚಿಂತೆಯಿಲ್ಲ. ಬುಡದಿಂದಲೇ ಕಿತ್ತು ಬಂದಿದ್ದರೆ, ಅದರಲ್ಲೂ ಅಕ್ಕಪಕ್ಕದ ಸಾಲುಗಳಲ್ಲಿ ಹಾಗಾಗಿದ್ದರೆ, ಟ್ರ್ಯಾಕಿನ ಒಳಪದರಕ್ಕೆ ನೀರು ಇಳಿದಿದೆ. ನೀವು ಕಳಿಸಿದ ಫೋಟೋದಲ್ಲಿ 120 ಇಂಚಿನದರ ಪರಿಸ್ಥಿತಿ ಇದೇ: ಒಂದೇ ಕಡೆ ಐದಾರು ಲಗ್ಗು ಬುಡಸಮೇತ ಹೋಗಿವೆ, ಒಂದು ಅಂಚಿನಲ್ಲಿ ನೂಲು ಹೊರಗೆ ಬಂದಿದೆ. ಈ ಟ್ರ್ಯಾಕು ಒಂದು ಸೀಸನ್ ಬಂದರೂ ಬರಬಹುದು. ಆದರೆ ರಸ್ತೆಯಿಂದ 15 ಮೈಲಿ ಒಳಗೆ, ಸೊಂಟದಾಳದ ಹಿಮದಲ್ಲಿ ಅದು ಹರಿದರೆ ಬೈಕು ಬಿಟ್ಟು ನಡೆದು ಬರಬೇಕಾಗುತ್ತದೆ. ಅಂಥ ಟ್ರ್ಯಾಕಿಗೆ ಬೆಲೆ ಸೊನ್ನೆ ಎಂದು ಹಿಡಿದೇ ಲೆಕ್ಕ ಹಾಕಿ.

ಅಡ್ಡಡ್ಡ ಹಾಯುವ ಫೈಬರ್‌ಗ್ಲಾಸ್ ಕಡ್ಡಿಗಳು ರಬ್ಬರಿನೊಳಗೆ ಅಡಗಿರುತ್ತವೆ, ಮುರಿದಿರುವುದು ಮೇಲ್ನೋಟಕ್ಕೆ ಕಾಣುವುದಿಲ್ಲ. ಟ್ರ್ಯಾಕಿನ ಎರಡೂ ಅಂಚನ್ನು ಹಿಡಿದು ಮೆಲ್ಲಗೆ ಬಾಗಿಸಿ. ಮುರಿದ ಕಡೆ ಪಟ್ಟಿ ಮಡಚಿಕೊಳ್ಳುತ್ತದೆ. ಒಂದು ಮುರಿದಿದ್ದರೆ ಬೆಲೆ ಇಳಿಸಲು ಕಾರಣ, ಮೂರು ಮುರಿದಿದ್ದರೆ ಬಿಟ್ಟು ಹೋಗಲು ಕಾರಣ.

ಇನ್ನು ಒಳಮೈ. ಹೆಚ್ಚಿನವರು ಇಲ್ಲಿಯವರೆಗೆ ಬಗ್ಗಿ ನೋಡುವುದೇ ಇಲ್ಲ. ಟಾರ್ಚು ಹಿಡಿದು, ಡ್ರೈವ್ ಚಕ್ರಗಳು ತಳ್ಳುವ ಒಳ ಹಲ್ಲುಗಳನ್ನು ನೋಡಿ. ಬರೀ ಮೂಲೆಗಳು ದುಂಡಾಗಿದ್ದರೆ ಸಹಜ ಸವೆತ. ಹಲ್ಲಿನ ತಲೆಯಿಂದ ತುಣುಕು ತುಣುಕಾಗಿ ರಬ್ಬರು ಎದ್ದುಹೋಗಿದ್ದರೆ ಡ್ರೈವ್ ಚಕ್ರಗಳು ಹಲ್ಲು ಜಿಗಿದಿವೆ. ಟ್ರ್ಯಾಕು ಸಡಿಲವಿದ್ದಾಗ ಜೋರಾಗಿ ಥ್ರಾಟಲ್ ಕೊಟ್ಟರೆ ಹೀಗಾಗುತ್ತದೆ, ಕಟಕಟ ಎಂದು ಮರದ ಹಲಗೆಗೆ ಬಡಿದ ಹಾಗೆ ಸದ್ದು ಬರುತ್ತದೆ. ಹಲ್ಲು ಸವೆದ ಮೇಲೆ ಎಷ್ಟೇ ಬಿಗಿ ಮಾಡಿದರೂ ಅದು ನಿಲ್ಲುವುದಿಲ್ಲ. ಅತಿಯಾಗಿ ಬಿಗಿ ಮಾಡಿ ನಿಲ್ಲಿಸಿದ್ದರೆ ಬೇರಿಂಗುಗಳು ಬೇಗ ಹೋಗುತ್ತವೆ, ಎಂಜಿನ್ನಿನ ಶಕ್ತಿಯೂ ಪೋಲಾಗುತ್ತದೆ.

ಮುಂದೊಂದು ದಿನ ಟ್ರ್ಯಾಕ್ ಬದಲಿಸುವಾಗ ಬೇಕಾಗುವುದರಿಂದ ಪಿಚ್ಚನ್ನೂ ಅಳೆದಿಟ್ಟುಕೊಳ್ಳಿ: ಒಳಮೈಯಲ್ಲಿ ಹಲ್ಲಿನ ನಡುವಿನಿಂದ ಹತ್ತನೇ ಹಲ್ಲು ದಾಟಿದ ಮುಂದಿನ ಹಲ್ಲಿನ ನಡುವಿನವರೆಗೆ, ಅಂದರೆ ಹತ್ತು ಅಂತರಗಳನ್ನು ಅಳೆದು ಹತ್ತರಿಂದ ಭಾಗಿಸಿ. 2.52, 2.86 ಅಥವಾ 3 ಇಂಚು ಬರುತ್ತದೆ. ಹೊಸ ಟ್ರ್ಯಾಕಿನ ಪಿಚ್ಚು ಡ್ರೈವ್ ಚಕ್ರದ ಪಿಚ್ಚಿಗೆ ಸರಿಯಾಗಿ ಹೊಂದಬೇಕು. ಉದ್ದ ಸರಿಯಿದ್ದು ಪಿಚ್ಚು ಬೇರೆಯಾದರೆ ಆ ಟ್ರ್ಯಾಕು ನಿಮಗೆ ಉಪಯೋಗವಿಲ್ಲ.

ಉದ್ದ ಮತ್ತು ಲಗ್ಗಿನ ಆಯ್ಕೆ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳಬೇಕು. 120 ಇಂಚಿನದು ಚುರುಕು, ತಿರುವಿನಲ್ಲಿ ಸಲೀಸು, ಜಿಗಿಯಲು ಚೆನ್ನ. 137 ಹಿಮದ ಮೇಲೆ ತೇಲುತ್ತದೆ, ಕಡಿದಾದ ಏರಿನಲ್ಲಿ ಅಗೆದುಕೊಂಡು ಕೂರುವುದಿಲ್ಲ. 84 ಕೆಜಿ ತೂಕದವರು ಹೊದ್ದ ಬಟ್ಟೆ, ಬ್ಯಾಗು, ಸಲಿಕೆ, ಪೆಟ್ರೋಲು ಸೇರಿ ನೂರು ದಾಟುತ್ತಾರೆ. ಮೆಕಾಲ್ ಊರೇ ಸುಮಾರು 5,000 ಅಡಿ ಎತ್ತರದಲ್ಲಿದೆ, ನೀವು ಓಡಿಸುವ ಬೆಟ್ಟಸಾಲು 7,000, 8,000 ಅಡಿಯದು. ಪ್ರತಿ ಸಾವಿರ ಅಡಿಗೆ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಶೇ 3ರಷ್ಟು ಕುಸಿಯುತ್ತದೆ, ಮೇಲೆ ಹೋಗುವಷ್ಟರಲ್ಲಿ ಕಾಲುಭಾಗ ಹೋಗಿರುತ್ತದೆ. 250 ಸಿಸಿ ಬೈಕಾಗಿದ್ದರೆ ಇದೇ ಕಾರಣಕ್ಕೆ 137 ಬೇಡ ಎನ್ನುತ್ತಿದ್ದೆವು. ನಿಮ್ಮ 450 ಅದನ್ನು ಎಳೆಯುತ್ತದೆ. ತೊಂದರೆ ಇರುವುದು ಮೊದಲ ಕೆಲವು ವಾರಗಳಲ್ಲಿ. 3 ಇಂಚಿನ ಲಗ್ಗು ಗ್ರೂಮ್ ಮಾಡಿದ, ಅಂದರೆ ಯಂತ್ರದಿಂದ ಸಮತಟ್ಟು ಮಾಡಿದ, ಗಟ್ಟಿ ಟ್ರೇಲಿಗೆ ಹೇಳಿ ಮಾಡಿಸಿದ್ದಲ್ಲ: ನಡುಗುತ್ತದೆ, ಲಗ್ಗುಗಳ ಬುಡ ಬಿಸಿಯಾಗುತ್ತದೆ. ಐಡಹೋ ಸಿಟಿಯ ಟ್ರೇಲಿನಲ್ಲಿ ಕಲಿಯುವಾಗ ವೇಗ ಹಿಡಿತದಲ್ಲಿರಲಿ, ಅಂಚಿನ ಸಡಿಲ ಹಿಮದಲ್ಲೇ ಓಡಿಸಿ. ನಡುವೆ 129 ಇಂಚಿನ, 2.5 ಇಂಚು ಲಗ್ಗಿನ ಒಳ್ಳೆಯ ಕಿಟ್ ನಿಮ್ಮ ಬೈಕಿನ ಗಂಟಿನ ಜೊತೆಗೇ ಸಿಕ್ಕರೆ, ನಿಮ್ಮ ಬಳಕೆಗೆ ಅದು ಈ ಎರಡಕ್ಕಿಂತ ಮೇಲು.

ಮೂರನೇ ಪರೀಕ್ಷೆ: ಚೈನ್‌ಕೇಸ್ ಮತ್ತು ಶಾಫ್ಟುಗಳು

ಚೈನ್‌ಕೇಸಿನ ಎಣ್ಣೆ ಇಳಿಸಿ ನೋಡಲು ಮಾರುವವರ ಒಪ್ಪಿಗೆ ಮೊದಲೇ ಕೇಳಿ. ಬದಲಿಗೆ ಹಾಕಲು ಹೊಸ ಎಣ್ಣೆ ನೀವೇ ಒಯ್ಯುತ್ತೇವೆಂದರೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಬೇಡವೇ ಬೇಡ ಎಂದು ಹಟ ಹಿಡಿದರೆ ಅದೂ ಒಂದು ಉತ್ತರವೇ.

ಎಣ್ಣೆಯನ್ನು ಬಿಳಿ ಪ್ಲಾಸ್ಟಿಕ್ ಬಟ್ಟಲಿಗೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ಕಪ್ಪಾಗಿದ್ದರೆ ಹಳೆಯದಾಗಿದೆ, ಅಷ್ಟೆ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ಸೀಲಿನಿಂದ ನೀರು ಒಳಗಿಳಿದಿದೆ. ಒಳಗಿನ ಚೈನು ಮತ್ತು ಬೇರಿಂಗು ತುಕ್ಕು ಹಿಡಿದಿರಬಹುದು, ಮುಚ್ಚಳ ತೆಗೆದೇ ನೋಡಬೇಕು. ಬೆರಳ ನಡುವೆ ಉಜ್ಜಿದಾಗ ಬರೀ ಬೂದು ಬಣ್ಣದ ನುಣುಪಾದ ಲೇಪ ಬಂದರೆ ಪರವಾಗಿಲ್ಲ. ಉಗುರಿಗೆ ಸಿಗುವಂಥ ಚೂರುಗಳಿದ್ದರೆ ಒಂದು ಅಯಸ್ಕಾಂತ ಆಡಿಸಿ: ಅಂಟಿಕೊಂಡರೆ ಚೈನು, ಸ್ಪ್ರಾಕೆಟ್ ಅಥವಾ ಬೇರಿಂಗಿನ ಉಕ್ಕು, ಅಂಟದಿದ್ದರೆ ಚೈನು ಸಡಿಲಾಗಿ ಕೇಸಿನ ಅಲ್ಯೂಮಿನಿಯಂ ಗೋಡೆಯನ್ನೇ ಕೆರೆದಿದೆ. ಎರಡನೆಯದು ಕೆಟ್ಟದ್ದು. ಬೇರಿಂಗು ಎಲ್ಲಿಯಾದರೂ ಸಿಗುತ್ತದೆ, ಕೇಸು ಸಿಗುವುದಿಲ್ಲ.

ಆಮೇಲೆ ಜಾಕ್‌ಶಾಫ್ಟಿನ ಸ್ಪ್ರಾಕೆಟ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಕೈಗೆ ಗೊತ್ತಾಗುವಷ್ಟು ಪ್ಲೇ (ಸಡಿಲ) ಇದ್ದರೆ ಬೇರಿಂಗು ಹೋಗಿದೆ. ಕೆಳಗಿನ ಡ್ರೈವ್ ಶಾಫ್ಟಿಗೂ ಹಾಗೇ ಮಾಡಿ. ಬೇರಿಂಗು ಕೂತಿರುವ ಜಾಗದ ಸುತ್ತ ಕಂದು ಬಣ್ಣದ ಕಣ್ಣೀರಿನ ಗೆರೆ ಇಳಿದಿದ್ದರೆ ಅದು ತುಕ್ಕು. ತೆರೆದ ಟ್ರೇಲರ್ ಮೇಲೆ ಕಿಟ್ ಒಯ್ಯುವಾಗ ಚಳಿಗಾಲದಲ್ಲಿ ಹೆದ್ದಾರಿಗೆ ಸುರಿಯುವ ಉಪ್ಪುನೀರು ಸಿಡಿದು ಹೀಗಾಗುತ್ತದೆ. ಬರೀ ಒಂದು ಬೇರಿಂಗು ಹೋಗಿದ್ದರೆ ಅಗ್ಗದ ಕೆಲಸ. ಹೋದ ಬೇರಿಂಗನ್ನು ಬಿಟ್ಟು ಬಹಳ ದಿನ ಓಡಿಸಿದ್ದರೆ ಒಳಗಿನ ಬಳೆ ಶಾಫ್ಟಿನ ಮೇಲೆ ಜಾರಿ ಶಾಫ್ಟೇ ಸವೆದಿರುತ್ತದೆ, ಆಗ ಹೊಸ ಬೇರಿಂಗು ಹಾಕಿದರೂ ನಿಲ್ಲುವುದಿಲ್ಲ. ವರ್ನಿಯರ್ ಕ್ಯಾಲಿಪರ್ ಒಯ್ದು ಬೇರಿಂಗಿನ ಪಕ್ಕದ ಹೊಳೆಯುವ ಭಾಗವನ್ನು ಎರಡು ಕಡೆ ಅಳೆಯಿರಿ.

ಮೂರು ಪರೀಕ್ಷೆಗಳು ಮುಗಿದವು. ಉಳಿದವೆಲ್ಲ ಬೆಲೆ ಇಳಿಸುವ ವಿಷಯಗಳೇ ಹೊರತು ಕಿಟ್ ಬಿಟ್ಟುಬಿಡುವ ವಿಷಯಗಳಲ್ಲ, ಒಂದನ್ನು ಹೊರತುಪಡಿಸಿ. ಟನಲ್ ಬೈಕಿಗೆ ಸೇರುವ ಜಾಗದಲ್ಲಿ, ಸಸ್ಪೆನ್ಶನ್ ತೋಳುಗಳು ಬೋಲ್ಟಾಗುವ ಜಾಗದಲ್ಲಿ, ವೆಲ್ಡಿಂಗ್ ಅಂಚುಗಳಲ್ಲಿ ಕೊಳೆ ಒರೆಸಿ ಬಿರುಕು ಹುಡುಕಿ. ಕೂದಲೆಳೆಯಷ್ಟು ಬಿರುಕೂ ಕಪ್ಪು ಗೆರೆಯಾಗಿ ಕಾಣುತ್ತದೆ. ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಬೋಲ್ಟು ಸಡಿಲವಿದ್ದಾಗಲೇ ಓಡಿಸಿದ್ದಾರೆ. ಹೊಸದಾಗಿ ಬಣ್ಣ ಬಳಿದ ಟನಲ್ ಕಂಡರೆ ಯಾಕೆ ಬಳಿದರೆಂದು ಕೇಳಿ. ಹಿಂದಿನಿಂದ ಮಂಡಿಯೂರಿ ಟ್ರ್ಯಾಕಿನೊಳಗಿನ ಎರಡು ಉದ್ದ ಹಳಿಗಳನ್ನೂ ನೋಡಿದರೆ ಬಾಗಿದ್ದು ತಾನಾಗಿ ಕಾಣುತ್ತದೆ.

ಹಳಿಗಳ ಕೆಳಗೆ ಹೈಫ್ಯಾಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ, ಟ್ರ್ಯಾಕು ಜಾರುವುದು ಇದರ ಮೇಲೆ. ಇದಕ್ಕೆ ಎಣ್ಣೆ, ಗ್ರೀಸು ಏನೂ ಇಲ್ಲ, ಹಿಮವೇ ಇದರ ಲೂಬ್ರಿಕೆಂಟು. ಮಂಜುಗಡ್ಡೆಯಂಥ ಟ್ರೇಲಿನಲ್ಲಿ ಹಿಮ ಸಿಡಿದು ಒಳಬರದಿದ್ದರೆ ಪಟ್ಟಿ ಕಾಯುತ್ತದೆ, ಕರಗಿ ಟ್ರ್ಯಾಕಿಗೆ ಮೆತ್ತಿಕೊಳ್ಳುತ್ತದೆ. ಪಟ್ಟಿಯ ಬದಿಯಲ್ಲಿರುವ ಸವೆತದ ಗೆರೆ ಮುಟ್ಟಿದ್ದರೆ ಬದಲಿಸಬೇಕು. ಹಳಿಗೆ ಸ್ಕ್ರ್ಯಾಚರ್ ಎಂಬ ಹಿಮ ಕೆರೆಯುವ ಸ್ಪ್ರಿಂಗ್ ಕಡ್ಡಿಗಳು ಇವೆಯೇ ನೋಡಿ. ಟ್ರೇಲಿನಲ್ಲಿ ಕಲಿಯಲಿರುವ ನಿಮಗೆ ಅವು ಬೇಕೇ ಬೇಕು, ಇಲ್ಲದಿದ್ದರೆ ಹಾಕಿಸಿ. ಚಿಕ್ಕ ಚಕ್ರಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸಿ, ಗರಗರ ಎಂದರೆ ಬೇರಿಂಗು ಬದಲಿಸಿ. ಬೇರಿಂಗಿನ ಮೇಲೇ ನಂಬರು ಕೆತ್ತಿರುತ್ತದೆ, ಎರಡೂ ಬದಿ ರಬ್ಬರ್ ಸೀಲಿರುವುದನ್ನು ಯಾವುದೇ ಬೇರಿಂಗ್ ಅಂಗಡಿಯಲ್ಲಿ ಕೊಳ್ಳಬಹುದು. ಶಾಕ್‌ಗಳ ದಂಡದ ಮೇಲೆ ಎಣ್ಣೆ ಜಿನುಗಿದ್ದರೆ ಸರ್ವೀಸು, ದಂಡದಲ್ಲೇ ತುಕ್ಕಿನ ಗುಳಿ ಬಿದ್ದಿದ್ದರೆ ಹೊಸ ದಂಡ. ಸಸ್ಪೆನ್ಶನ್ ಅತಿಯಾಗಿ ಚಾಚದಂತೆ ತಡೆಯುವ ಲಿಮಿಟರ್ ಪಟ್ಟಿಯ ನೂಲು ಬಿಚ್ಚಿಕೊಂಡಿದ್ದರೆ ಬದಲಿಸಿ. ಸ್ಕೀ ತುದಿ ಹಿಡಿದು ಎಡಬಲ ಜಗ್ಗಿದಾಗ ಬುಶ್ಶಿನಲ್ಲಿ ಪ್ಲೇ ಇರಬಾರದು, ಅಡಿಯ ಕಾರ್ಬೈಡ್ ಸರಳು ಸವೆದು ಚಪ್ಪಟೆಯಾಗಿದ್ದರೆ ಗಟ್ಟಿ ಟ್ರೇಲಿನಲ್ಲಿ ಬೈಕು ಹೇಳಿದ ಕಡೆ ತಿರುಗುವುದಿಲ್ಲ.

ಬಿಡಿಭಾಗದ ವಿಷಯ. ಟಿಂಬರ್‌ಸ್ಲೆಡ್ ಹುಟ್ಟಿದ್ದು ನಿಮ್ಮ ರಾಜ್ಯದ ಸ್ಯಾಂಡ್‌ಪಾಯಿಂಟ್‌ನಲ್ಲೇ, 2015ರಲ್ಲಿ ಪೊಲಾರಿಸ್ ಅದನ್ನು ಕೊಂಡಿತು. ಹೆಸರಾದ ಇನ್ನೊಂದು ಕಿಟ್ ತಯಾರಿಸುತ್ತಿದ್ದ ಕ್ಯಾಮ್ಸೊ ಕಂಪನಿ 2018ರಲ್ಲಿ ಮಿಶೆಲಿನ್ ಪಾಲಾಯಿತು. ಈ ವ್ಯಾಪಾರದಲ್ಲಿ ಒಡೆತನ, ಮಾಡೆಲ್ಲು ಬೇಗ ಬೇಗ ಬದಲಾಗುತ್ತವೆ. ಹಾಗಾಗಿ ಯಾವ ಬ್ರ್ಯಾಂಡೇ ಆಗಲಿ, ದುಡ್ಡು ಕೊಡುವ ಮೊದಲು ಡೀಲರಿಗೆ ಫೋನ್ ಮಾಡಿ ಮೂರೇ ವಸ್ತು ಕೇಳಿ: ಚೈನ್‌ಕೇಸಿನ ಸೀಲುಗಳು, ಡ್ರೈವ್ ಶಾಫ್ಟು, ನಿಮ್ಮ ಬೈಕಿನ ಫಿಟ್ ಕಿಟ್. ಈ ಮೂರು ದಾಸ್ತಾನಿನಲ್ಲಿದ್ದರೆ ಧೈರ್ಯವಾಗಿ ಕೊಳ್ಳಿ. ಬೇರಿಂಗು, ಟ್ರ್ಯಾಕು, ಹೈಫ್ಯಾಕ್ಸ್, ಚೈನು ಹೊರಗಡೆ ಸಿಗುವ ಸಾಮಾನು.

ಈಗ ಲೆಕ್ಕ. ಅಂದಾಜು ಬೆಲೆಗಳಿವು, ನೂರಿನ್ನೂರು ಆಚೀಚೆ ಆಗುತ್ತದೆ. 120 ಇಂಚಿನದು 2,600. ಯಮಾಹಾ ಫಿಟ್ ಕಿಟ್ 500. ಹೊಸ ಟ್ರ್ಯಾಕು 800. ಹೈಫ್ಯಾಕ್ಸ್ ಮತ್ತು ಬೇರಿಂಗು 200. ಎರಡು ಶಾಕ್ ಸರ್ವೀಸು 350. ಒಟ್ಟು 4,450. 137 ಇಂಚಿನದು 3,900. ಗಂಟು ಜೊತೆಗೇ ಇದೆ, ಟ್ರ್ಯಾಕು ಫೋಟೋದಲ್ಲಿ ಚೆನ್ನಾಗಿದೆ. ಹೈಫ್ಯಾಕ್ಸ್, ಬೇರಿಂಗು 200. ಶಾಕ್ ಸರ್ವೀಸು 350. ಅದೂ 4,450. ಒಂದೇ ದುಡ್ಡಿಗೆ ನಿಮ್ಮ ಬೈಕಿಗೆ ನೇರವಾಗಿ ಕೂರುವ, ಮೆಕಾಲ್‌ಗೂ ಹೊಂದುವ ಕಿಟ್ ಬರುತ್ತಿರುವಾಗ ಇನ್ನೊಂದರ ಮಾತೇ ಬೇಡ. ಮೇಲಾಗಿ ಶಾಕ್, ಹೈಫ್ಯಾಕ್ಸ್ ನಿಜಕ್ಕೂ ಸವೆದಿದ್ದರೆ ಆ 550 ಡಾಲರನ್ನು ಮಾರುವವರಿಗೆ ತೋರಿಸಿ 3,500ಕ್ಕೆ ಕೇಳಿ. 3,600ಕ್ಕೆ ನಿಂತರೂ ಒಳ್ಳೆಯ ವ್ಯಾಪಾರ. ಕಿಟ್‌ಗೆ ವಾಹನದ ಹಾಗೆ ಟೈಟಲ್ ಎಂಬ ಒಡೆತನದ ಪತ್ರ ಇರುವುದಿಲ್ಲ. ಆದ್ದರಿಂದ ಸೀರಿಯಲ್ ನಂಬರ್ ಬರೆದ ಮಾರಾಟದ ಚೀಟಿ ಮಾಡಿಸಿ ಸಹಿ ಪಡೆಯಿರಿ, ಮೊದಲು ಕೊಂಡ ರಸೀದಿ ಇದ್ದರೆ ಅದರ ಪ್ರತಿಯನ್ನೂ. ನಂಬರ್ ಕೆರೆದುಹಾಕಿದ್ದನ್ನು ಮುಟ್ಟಬೇಡಿ.

ಬೈಕಿಗೆ ಏನು ಬೇಕು

ಕಿಟ್‌ಗೆ ದುಡ್ಡು ಸುರಿದವರು ಮರೆಯುವುದು ಬೈಕನ್ನು. ಹಿಮದಲ್ಲಿ ಎಂಜಿನ್ ಅತಿಯಾಗಿ ಕಾಯುವುದಕ್ಕಿಂತ ಕಾಯದೇ ಉಳಿಯುವುದು ದೊಡ್ಡ ಕಾಟ. ಮೋಟೊಕ್ರಾಸ್ ಬೈಕಾದ ವೈಝಡ್450ಎಫ್‌ನಲ್ಲಿ, ಎಂಜಿನ್ ಕಾಯುವವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲ. ಪುಡಿಹಿಮ ರೇಡಿಯೇಟರಿಗೆ ಬಡಿಯುತ್ತಲೇ ಇರುವುದರಿಂದ ಕೂಲಂಟು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಂತುಬಿಡಬಹುದು. ಆ ತಾಪದಲ್ಲಿ ಎಂಜಿನ್ ಎಣ್ಣೆಗೆ ಸೇರಿದ ನೀರಾವಿಯೂ ಪೆಟ್ರೋಲೂ ಆರಿಹೋಗುವುದಿಲ್ಲ. ಎಣ್ಣೆ ತೆಳ್ಳಗಾಗಿ ಕ್ರ್ಯಾಂಕು, ಕ್ಯಾಮು ಸವೆಯುತ್ತವೆ. ಸವಾರಿ ಮುಗಿಸಿದಾಗ ಎಣ್ಣೆಯ ಮಟ್ಟ ಹೊರಟಾಗಿನದಕ್ಕಿಂತ ಏರಿದ್ದರೆ ಅದೇ ಸೂಚನೆ. ಕೂಲಂಟ್ ಹೋಸಿನ ನಡುವೆ ಕೂರುವ ಇನ್‌ಲೈನ್ ಥರ್ಮೋಸ್ಟಾಟ್ ಹಾಕಿ, ಬೈಪಾಸ್ ಇರುವಂಥದ್ದನ್ನೇ ಆರಿಸಿ. ರೇಡಿಯೇಟರಿಗೆ ಅರ್ಧ ಮುಚ್ಚುವ ಹೊದಿಕೆ ಇರಲಿ, ತಾಪ ತೋರಿಸುವ ಒಂದು ಮೀಟರೂ ಇರಲಿ. 70ರಿಂದ 90ರ ನಡುವೆ ನಿಂತರೆ ಚೆನ್ನ. ಕೂಲಂಟನ್ನು ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಪಾಲಿನಲ್ಲಿ ತುಂಬಿದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಎಂಜಿನ್ ಎಣ್ಣೆಯನ್ನು ಬೇಸಿಗೆಗಿಂತ ಬೇಗ ಬೇಗ ಬದಲಿಸಿ, ಟ್ರ್ಯಾಕ್ ಎಳೆಯುವ ಎಂಜಿನ್ನಿಗೆ ಬಿಡುವೇ ಇರುವುದಿಲ್ಲ.

ನಿಮ್ಮ ಯಮಾಹಾದ ಇನ್ನೊಂದು ವಿಶೇಷ ಗಾಳಿ ಎಳೆಯುವ ದಾರಿ. ಬೇರೆ ಬೈಕುಗಳಲ್ಲಿ ಏರ್ ಫಿಲ್ಟರ್ ಸೀಟಿನ ಕೆಳಗಿದ್ದರೆ ಇದರಲ್ಲಿ ಮುಂದೆ, ಟ್ಯಾಂಕಿನ ಮುಚ್ಚಳದ ಹತ್ತಿರವಿದೆ. ಮುಂದಿನಿಂದ ಏಳುವ ಹಿಮ ನೇರ ಅಲ್ಲಿಗೇ ಹೋಗುತ್ತದೆ. ಹಿಮ ತೂರದಂಥ ಜಾಲರಿ ಹೊದಿಕೆ ಹಾಕದೆ ಪುಡಿಹಿಮಕ್ಕೆ ಇಳಿಯಬೇಡಿ. ಫಿಲ್ಟರ್ ಒದ್ದೆಯಾಗಿ ಹೆಪ್ಪುಗಟ್ಟಿದರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. 2018ರ ಮಾಡೆಲ್ಲಿಗೆ ಎಲೆಕ್ಟ್ರಿಕ್ ಸ್ಟಾರ್ಟ್ ಬಂದದ್ದು ನಿಮ್ಮ ಅದೃಷ್ಟ. ಕಾಲೂರಲು ನೆಲವೇ ಸಿಗದ ಹಿಮದಲ್ಲಿ ಕಿಕ್ ಹೊಡೆಯುವುದು ಬಲು ಕಷ್ಟ. ಆದರೆ ಲಿಥಿಯಂ ಬ್ಯಾಟರಿ ಚಳಿಗೆ ಮಂಕಾಗುತ್ತದೆ. ಮೊದಲ ಸಲ ಒತ್ತಿದಾಗ ಎಂಜಿನ್ ತಿರುಗದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಒತ್ತಿ, ಮೊದಲ ಒತ್ತಡಕ್ಕೆ ಅದು ಒಳಗೇ ಬೆಚ್ಚಗಾಗಿರುತ್ತದೆ. ಟ್ಯಾಂಕು ಹಿಡಿಸುವುದು 6 ಲೀಟರು ಚಿಲ್ಲರೆ. ಆಳದ ಹಿಮದಲ್ಲಿ ಅದು ಏನೇನೂ ಸಾಲದು. ಟನಲ್ ಮೇಲೆ ಕೂರಿಸುವ ಹೆಚ್ಚುವರಿ ಕ್ಯಾನಿಗೆ ಜಾಗ ಇದೆಯೇ ಎಂದು ಕಿಟ್ ನೋಡುವಾಗಲೇ ಗಮನಿಸಿ.

ಮುಂದಿನ ಬ್ರೇಕ್ ಕ್ಯಾಲಿಪರ್ ಬಿಚ್ಚಿದಾಗ ಪ್ಯಾಡುಗಳ ನಡುವೆ ಒಂದು ಮರದ ಚಕ್ಕೆ ಸಿಕ್ಕಿಸಿ ಲಿವರನ್ನು ಕಟ್ಟಿಬಿಡಿ, ಇಲ್ಲದಿದ್ದರೆ ಅಭ್ಯಾಸಬಲದಿಂದ ಒಮ್ಮೆ ಹಿಡಿದರೆ ಪಿಸ್ಟನ್ ಹೊರಬಂದು ಬ್ರೇಕ್ ಆಯಿಲ್ ಚೆಲ್ಲುತ್ತದೆ. ಹಿಂದಿನ ಬ್ರೇಕಿನ ಹೋಸು ಬದಲಾಗುವುದರಿಂದ ಡಾಟ್ 4 ಬ್ರೇಕ್ ಆಯಿಲ್ ಹಾಕಿ ಗಾಳಿ ಪೂರ್ತಿ ತೆಗೆಯಿರಿ. ಈಗ ಇಡೀ ವಾಹನಕ್ಕೆ ಇರುವುದು ಅದೊಂದೇ ಬ್ರೇಕು. ಹ್ಯಾಂಡಲ್ ಕೆಳಗಿನ ಸ್ಟೀರಿಂಗ್ ಬೇರಿಂಗಿಗೆ ಹೊಸ ಗ್ರೀಸು ತುಂಬಿ, ಸ್ಕೀ ಜಗ್ಗುವ ಬಲ ಚಕ್ರದ್ದಕ್ಕಿಂತ ಬೇರೆಯೇ.

ಮೊದಲ ದಿನ ಮನೆ ಹತ್ತಿರದ ಸಮತಟ್ಟಿನಲ್ಲಿ ಅರ್ಧ ಗಂಟೆ ಓಡಿಸಿ ವಾಪಸು ಬನ್ನಿ. ಎಲ್ಲ ಬೋಲ್ಟುಗಳನ್ನೂ ಕೈಪಿಡಿಯ ಟಾರ್ಕಿಗೆ ಮತ್ತೆ ಬಿಗಿ ಮಾಡಿ, ಚೈನಿನ ಸಡಿಲ ನೋಡಿ, ಟ್ರ್ಯಾಕು ಎರಡು ಹಳಿಗಳ ಮಧ್ಯದಲ್ಲಿ ಓಡುತ್ತಿದೆಯೇ ನೋಡಿ. ಪಕ್ಕಕ್ಕೆ ಎಳೆಯುತ್ತಿದ್ದರೆ, ಯಾವ ಬದಿಗೆ ಒತ್ತಿದೆಯೋ ಆ ಬದಿಯ ಹಿಂದಿನ ಅಡ್ಜಸ್ಟರನ್ನು ಕಾಲು ಸುತ್ತು ಬಿಗಿ ಮಾಡಿ, ತಿರುಗಿಸಿ ನೋಡಿ, ಬೇಕಾದರೆ ಮತ್ತೆ ಕಾಲು ಸುತ್ತು. ಟ್ರೇಲಿಗೆ ಬೇಕಾದ ಸ್ಟಿಕರ್ ಬಗ್ಗೆ ರಾಜ್ಯದ ಪಾರ್ಕ್ಸ್ ಅಂಡ್ ರಿಕ್ರಿಯೇಶನ್ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ಟ್ರೇಲು ಬಿಟ್ಟು ಬೆಟ್ಟಕ್ಕೆ ಹೋಗುವ ದಿನ ಬಂದಾಗ ಹಿಮಕುಸಿತದ ಸಿದ್ಧತೆಯೂ ಆಗಿರಬೇಕು: ಹೂತವರನ್ನು ಪತ್ತೆಹಚ್ಚಲು ರೇಡಿಯೋ ಸಂಕೇತ ಕಳಿಸುವ 457 ಕಿಲೋಹರ್ಟ್ಸ್‌ನ ಬೀಕನ್, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕಡ್ಡಿ, ಲೋಹದ ಸಲಿಕೆ. ಮೂರೂ ನಿಮ್ಮ ಮೈಮೇಲಿರಬೇಕು, ಬೈಕಿಗೆ ಕಟ್ಟಿದ ಚೀಲದಲ್ಲಲ್ಲ. ಬೀಕನ್ ಸಂಕೇತ ಕಳಿಸುತ್ತಿರುವಾಗ ಫೋನು ಅದರಿಂದ 20 ಸೆಂಟಿಮೀಟರ್ ದೂರ, ಹುಡುಕುವಾಗ 50 ಸೆಂಟಿಮೀಟರ್ ದೂರ ಇರಲಿ. ಹುಡುಕುವಾಗ ಹತ್ತಿರದ ಎಂಜಿನ್ನುಗಳನ್ನೆಲ್ಲ ಆರಿಸಿ. ಮೆಕಾಲ್ ಸುತ್ತಮುತ್ತಲ ಹಿಮಕುಸಿತದ ಮುನ್ಸೂಚನೆಯನ್ನು ಪೇಯೆಟ್ ಅವಲಾಂಚ್ ಸೆಂಟರ್ ಕೊಡುತ್ತದೆ, ಹೊರಡುವ ಬೆಳಿಗ್ಗೆ ಓದಿ. ಡಿಸೆಂಬರಿನೊಳಗೆ ಒಂದು ತರಬೇತಿ ತರಗತಿಗೆ ಹೆಸರು ಕೊಡಿ, ಮತ್ತು ನಿಮ್ಮ ಜೊತೆ ಬರುವವರಿಗೂ ಹೆಸರು ಕೊಡಲು ಹೇಳಿ: ನೀವು ಹಿಮದಡಿ ಸಿಕ್ಕಿಕೊಂಡರೆ ಹುಡುಕಬೇಕಾದವರು ಅವರು.